ಓಕೆ ಹುಟ್ಟಿದ ಕಣ

ಹೆತ್ತೂರಿನ ತೋಟಪ್ಪನವರಿಗೆ ಇದ್ದದ್ದು ಮೂರೆಕರೆ ಕಾಫಿ ತೋಟ. ಅವರ ಸುಳ್ಳಿನ ತೋಟಕ್ಕೆ ಮಾತ್ರ ಬೇಲಿಯೇ ಇರಲಿಲ್ಲ. ಊರಿನವರು ಅವರು ಬಾಯಿ ತೆರೆಯುವ ಮೊದಲೇ ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದರು. ಸೊಸೆ ಶಿವಲೀಲಾ ಹಿಂದಿನ ಎರಡು ಕೋಣೆಗೆ ಟೈಲ್ಸ್ ಹಾಕಿಸಿ ಹೋಂಸ್ಟೇ ತೆರೆದ ಮೇಲೆ ಅವರಿಗೆ ಒಳ್ಳೆಯ ಕಾಲ ಬಂತು. ಪಟ್ಟಣದವರು ದುಡ್ಡು ಕೊಟ್ಟು ಬಂದವರು, ಕೂತು ಕೇಳುತ್ತಿದ್ದರು. ಇಂಗ್ಲಿಷಿನ ಯಾವ ಪದ ಎತ್ತಿದರೂ ಅದು ಸಕಲೇಶಪುರದ ಆಸುಪಾಸಿನಲ್ಲೇ ಹುಟ್ಟಿ, ಬಿಳಿ ದೊರೆಗಳ ಪೆಟ್ಟಿಗೆಯಲ್ಲಿ ಕೂತು ಹಡಗು ಹತ್ತಿದ್ದು ಎಂದು ತೋಟಪ್ಪ ಸಾಧಿಸಿಬಿಡುತ್ತಿದ್ದರು.

ಹೋದ ತಿಂಗಳು ಯಾರೋ ಪುಣ್ಯಾತ್ಮರು ಹೋಂಸ್ಟೇ ಬಗ್ಗೆ ಅಭಿಪ್ರಾಯ ಹಾಕಿದರು: ಊಟ ಚೆನ್ನಾಗಿದೆ, ಅಜ್ಜ ಸುಳ್ಳು ಹೇಳುತ್ತಾರೆ. ಸ್ಟಾರ್ ಒಂದು ಕಡಿಮೆ. ಶಿವಲೀಲಾ ಫೋನನ್ನು ಮಾವನ ಮೂಗಿನ ಹತ್ತಿರ ಹಿಡಿದಳು.

"ನೋಡಿ ಮಾವ, ಇನ್ನೊಂದು ಸುಳ್ಳು ಸಿಕ್ಕಾಕ್ಕೊಂಡ್ರೆ ನಿಮ್ ಕುರ್ಚಿ ಕಣಕ್ಕೆ ಹೋಗ್ತದೆ. ಗೆಸ್ಟ್ ಬಂದಾಗ ಕಾಫಿ ಕಾಯ್ಕೊಂಡು ಅಲ್ಲೇ ಕೂತ್ಕಳಿ. ಜಗಲಿ ಕಡೆ ಬರಂಗಿಲ್ಲ."

ಕಾಫಿ ಒಣಗಿಸುವ ಆ ಕಣ ಮನೆಯ ಕೆಳಗಡೆ ಇತ್ತು. ಅಲ್ಲಿ ಬಿಸಿಲು ಬಿಟ್ಟರೆ ಕೋಳಿಗಳು. ಕೋಳಿ ಮುಂದೆ ಕಥೆ ಹೇಳುವ ಗತಿ ಬಂತಲ್ಲಪ್ಪ ಎಂದು ತೋಟಪ್ಪ ನಿಜಕ್ಕೂ ಹೆದರಿದರು. ಆಮೇಲೆ ಬಂದ ಗೆಸ್ಟುಗಳ ಮುಂದೆಲ್ಲ ಹವಾಮಾನದ ಬಗ್ಗೆ ಮಾತ್ರ ಮಾತಾಡಿದರು.

ಒಂದು ಭಾನುವಾರ ಎಲ್ಲ ಕೆಟ್ಟಿತು. ಜಗಲಿಯಲ್ಲಿ ತಿಂಡಿಗೆ ಕೂತಿದ್ದವರು ಮೈಸೂರಿನ ಮೂವರು ಕಾಲೇಜು ಹುಡುಗಿಯರು, ಮತ್ತು ಒಬ್ಬರೇ ಬಂದಿದ್ದ ಮಹೇಶ್ ಮೇಷ್ಟ್ರು. ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಬಂದಾಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಹುಡುಗಿಯರಲ್ಲಿ ಚೂಟಿಯಾದ ನವ್ಯಶ್ರೀ ಮಾತುಮಾತಿಗೂ ಓಕೆ ಅನ್ನುತ್ತಿದ್ದಳು. ಒಂದೊಂದು ಓಕೆಗೂ ತೋಟಪ್ಪನವರ ನಾಲಿಗೆ ತುರಿಸುತ್ತಿತ್ತು. ಶಿವಲೀಲಾ ರೊಟ್ಟಿ ತರಲು ಒಳಗೆ ಹೋದಳು, ಇವರಿಗೆ ತಡೆಯಲಾಗಲಿಲ್ಲ.

"ಆ ಓಕೆ ಹುಟ್ಟಿದ್ದೇ ಈ ಗುಡ್ಡದಲ್ಲಿ ಕಣಮ್ಮ," ಎಂದು ದನಿ ತಗ್ಗಿಸಿದರು. "ದೊರೆ ಕಾಲದಲ್ಲಿ ಜವರಯ್ಯ ಅಂತ ಒಬ್ಬ ಮೇಸ್ತ್ರಿ ಇದ್ದ. ಓದು ಬರಹ ಇಲ್ಲ. ಹಣ್ಣು ಕುಯ್ದಾಯ್ತು ಅನ್ನಕ್ಕೆ ಮೂಟೆ ಮೇಲೆ ಸುಣ್ಣದಲ್ಲಿ ಒಂದು ಹಣ್ಣು ಬರೆಯೋನು, ದುಂಡಗೆ. ಗಿಡ ಸವರಿದ್ದಾಯ್ತು ಅನ್ನಕ್ಕೆ ಪಕ್ಕದಲ್ಲಿ ಒಂದು ಗಿಡ. ನೆಟ್ಟಗೆ ಕಾಂಡ, ಒಂದೇ ಕಡೆಗೆ ಎರಡು ಕೊಂಬೆ. ಎರಡೂ ಇದ್ರೆ ಎಲ್ಲ ಸರಿ ಐತೆ ಅಂತ. ಮೂಟೆ ಲಂಡನ್ನಿಗೆ ಹೋಯ್ತು. ಅಲ್ಲಿಯೋರು ಹಣ್ಣನ್ನ ಓ ಅಂತ ಓದಿದ್ರು, ಗಿಡನ ಕೆ ಅಂತ ಓದಿದ್ರು."

ಹುಡುಗಿಯರು ಚಪ್ಪಾಳೆ ತಟ್ಟಿದರು. ಮಹೇಶ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಅದು ಹಾಗಲ್ಲ. ಸುಮಾರು ನೂರೆಂಬತ್ತು ವರ್ಷದ ಹಿಂದೆ ಅಮೆರಿಕದ ಬಾಸ್ಟನ್ನಿನಲ್ಲಿ ಪತ್ರಿಕೆಯವರಿಗೆ ಒಂದು ಹುಚ್ಚು ಹತ್ತಿತ್ತು. ತಮಾಷೆಗೆ ಬೇಕಂತಲೇ ಕಾಗುಣಿತ ತಪ್ಪು ಬರೆದು, ಮೊದಲಕ್ಷರ ಮಾತ್ರ ಅಚ್ಚು ಹಾಕೋರು. ಆಲ್ ಕರೆಕ್ಟ್ ಅನ್ನೋದನ್ನ ಎ, ಸಿ ಬದಲು ಓ, ಕೆ ಹಾಕಿ ಬರೆದರು. ಮರುವರ್ಷ ಚುನಾವಣೆಗೆ ನಿಂತ ಒಬ್ಬರ ಅಡ್ಡಹೆಸರಿಗೂ ಅವೇ ಎರಡು ಅಕ್ಷರ. ಉಳಿದ ತಮಾಷೆಗಳು ಸತ್ತವು, ಇದೊಂದು ಬದುಕಿತು."

ಹುಡುಗಿಯರು ಮೂವರೂ ಬಿದ್ದು ಬಿದ್ದು ನಕ್ಕರು.

"ಸರ್, ನೀವು ಅಜ್ಜನ್ನೂ ಮೀರಿಸಿದ್ರಿ," ಎಂದಳು ನವ್ಯಶ್ರೀ. "ಎಲ್ಲ ಸರಿಯಾಗಿದೆ ಅಂತ ಹೇಳೋಕೆ ತಪ್ಪು ತಪ್ಪಾಗಿ ಬರೀತಾರಾ ಯಾರಾದ್ರೂ?"

ಫೋನಿನಲ್ಲಿ ನೋಡಿ ಎನ್ನೋಣವೆಂದರೆ ಬೆಳಗ್ಗೆಯೇ ಕರೆಂಟು ಹೋಗಿ ಟವರೂ ಮಲಗಿತ್ತು. ಮೇಷ್ಟ್ರ ಮುಖ ಇಷ್ಟಾಯಿತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದುನಿಂತರು.

ಜೀವಮಾನವೆಲ್ಲ ಸುಳ್ಳು ಕಟ್ಟಿದ ತೋಟಪ್ಪನವರಿಗೆ ಮೇಷ್ಟ್ರು ಹೇಳಿದ್ದು ನಿಜವೆಂದು ಕೇಳಿದ ಕೂಡಲೇ ಗೊತ್ತಾಗಿತ್ತು. ಸುಳ್ಳನ್ನು ಯಾರೂ ಅಷ್ಟು ಕೆಟ್ಟದಾಗಿ ಕಟ್ಟುವುದಿಲ್ಲ. ಅದೂ ಅಲ್ಲದೆ, ಆ ಮನೆಯಲ್ಲಿ ಬಂದವರು ಊಟ ಅರ್ಧಕ್ಕೆ ಬಿಟ್ಟು ಎದ್ದರೆ ಹಿರಿಯರು ಆ ದಿನ ಅನ್ನ ಮುಟ್ಟುವಂತಿಲ್ಲ. ಅವರ ತಾಯಿ ಹಾಗೆ ಉಪವಾಸ ಬಿದ್ದದ್ದನ್ನು ಅವರೇ ಕಂಡಿದ್ದರು.

"ಕೂತ್ಕಳಿ ಮೇಷ್ಟ್ರೇ. ನಾನ್ ಹೇಳಿದ್ದು ಬುರುಡೆ. ನೀವ್ ಹೇಳಿದ್ದೇ ನಿಜ," ಎಂದರು.

ಹುಡುಗಿಯರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಪರೂಪಕ್ಕೊಮ್ಮೆ ಬಾಯಿಬಿಟ್ಟ ನಿಜವನ್ನು ಒಬ್ಬರೂ ನಂಬಲಿಲ್ಲ. ತೋಟಪ್ಪನವರಿಗೆ ಗೊತ್ತಿದ್ದದ್ದು ಒಂದೇ ದಾರಿ.

"ನಗಬೇಡ್ರವ್ವ. ಈ ತೋಟದ ದೊರೆ ಬಂದಿದ್ದೇ ಆ ಬಾಸ್ಟನ್ನಿಂದ. ಅವರಪ್ಪ ಅದೇ ಪತ್ರಿಕೇಲಿ ಅಚ್ಚು ಜೋಡಿಸೋನು. ಓಕೆ ಬರೆಯೋದನ್ನ ಜವರಯ್ಯಂಗೆ ಕಲಿಸ್ದೋನೇ ದೊರೆ. ಜವರಯ್ಯ ಬರೆದಿದ್ದು ನಮ್ ಕಣದ ಕಲ್ಲಿನ ಮೇಲೆ ಈಗ್ಲೂ ಐತೆ."

ಹುಡುಗಿಯರ ನಗು ನಿಂತಿತು. ಮೇಷ್ಟ್ರನ್ನು ಹೊಸ ಮರ್ಯಾದೆಯಿಂದ ನೋಡಿದರು. ಮೇಷ್ಟ್ರು ಮೆಲ್ಲನೆ ಕೂತು ರೊಟ್ಟಿ ಮುರಿದರು. ಅಷ್ಟರಲ್ಲಿ ಬಾಗಿಲಲ್ಲಿ ಶಿವಲೀಲಾ, ಕೈಯಲ್ಲಿ ರೊಟ್ಟಿ ತಟ್ಟೆ.

"ಕಣದ ಕಲ್ಲಿನ ಮೇಲಾ ಮಾವ? ಇಷ್ಟು ವರ್ಷ ಕಾಫಿ ಒಣಗ್ಸಿದೀನಿ, ನನ್ ಕಣ್ಣಿಗೆ ಬಿದ್ದಿಲ್ವಲ್ಲ. ತಿಂಡಿ ಆಗ್ಲಿ, ಎಲ್ರೂ ಹೋಗಿ ನೋಡಣ. ಕುರ್ಚೀನೂ ತಗಂಡೇ ಹೋಗಣ."

ಕೈ ತೊಳೆಯಬೇಕೆಂದು ಮೇಷ್ಟ್ರು ಮೊದಲೇ ಎದ್ದು ಕಣದ ಪಕ್ಕದ ನಲ್ಲಿಯ ಕಡೆ ನಡೆದರು. ತೋಟಪ್ಪ ಚಪ್ಪಲಿ ಹುಡುಕಿದರು, ಸಿಕ್ಕ ಮೇಲೂ ಹುಡುಕಿದರು. ಧೈರ್ಯಕ್ಕೊಂದು ಎಲೆಯಡಿಕೆ ಹಾಕೋಣವೆಂದು ಜಗಲಿಯ ಮೇಲೆ ಬಿಟ್ಟಿದ್ದ ಚೀಲಕ್ಕೆ ಕೈ ಹಾಕಿದರೆ ಸುಣ್ಣದ ಡಬ್ಬಿಯೇ ಇಲ್ಲ. ಕೆಟ್ಟ ಕಾಲಕ್ಕೆ ಸುಣ್ಣವೂ ಕೈಬಿಟ್ಟಿತಲ್ಲ ಎಂದುಕೊಂಡು, ಕುರ್ಚಿ ಹೊತ್ತ ಸೊಸೆಯ ಹಿಂದೆ ತಲೆ ತಗ್ಗಿಸಿ ಇಳಿದರು.

"ಅಲ್ನೋಡೇ, ನಿಜವಾಗ್ಲೂ ಇದೆ," ಎಂದು ನವ್ಯಶ್ರೀ ಓಡಿದಳು.

ಕಣದ ಅಂಚಿನ ಕಲ್ಲಿನ ಮೇಲೆ ಬೆಳ್ಳಗೆ ಒಂದು ಹಣ್ಣು, ಪಕ್ಕದಲ್ಲಿ ಒಂದು ಗಿಡ. ಹುಡುಗಿಯರು ಫೋಟೋ ತೆಗೆದದ್ದೇ ತೆಗೆದದ್ದು. ಮೇಷ್ಟ್ರು ಬಲಗೈಯನ್ನು ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡು ಕೋಳಿಗಳನ್ನು ನೋಡುತ್ತಿದ್ದರು. ಅವರ ಕಿವಿ ಕೆಂಪಗಾಗಿತ್ತು. ತೋಟಪ್ಪ ಹತ್ತಿರ ಬಂದಾಗ ಡಬ್ಬಿ ಅವರ ಅಂಗೈಗೆ ಸೇರಿತು.

"ಕೆಳಗಿನ ಕೊಂಬೆ ಸ್ವಲ್ಪ ಸೊಟ್ಟ ಆಯ್ತು. ಅಭ್ಯಾಸ ಇಲ್ಲ," ಎಂದು ಮೇಷ್ಟ್ರು ಪಿಸುಗುಟ್ಟಿದರು.

ಶಿವಲೀಲಾ ಕುರ್ಚಿ ಇಳಿಸಿ, ಕಲ್ಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಬೆರಳು ಬೆಳ್ಳಗಾಯಿತು. ಮಾವನ ಕೈ ನೋಡಿದಳು, ಮೇಷ್ಟ್ರ ಜೇಬಿನ ಅಂಚಿನ ಬಿಳಿ ಕಲೆ ನೋಡಿದಳು. ಹುಡುಗಿಯರು ಮೇಲೆ ಹತ್ತಿದ ಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕುರ್ಚಿಯನ್ನು ಮತ್ತೆ ಹೆಗಲಿಗೆ ಏರಿಸಿದಳು.

"ಜಗಲಿಗೆ ನಡೀರಿ ಮಾವ. ಕೋಳಿ ಆ ಕಲ್ಲು ಹತ್ತದಂಗೆ ಏನಾರ ಅಡ್ಡ ಇಡಿ, ಸುಣ್ಣ ಒಣಗ್ಲಿ. ಮುಂದಿನ ವಾರದ ಗೆಸ್ಟಿಗೂ ಬೇಕಾಗ್ತದೆ."