ಬಿಸಿಲಿಗೆ ಕಿರಿದಾದ ಕಣ್ಣು

ನಾನು ಒಂದು ಮೀಮ್. ಮುಖ ಸಿಂಡರಿಸಬೇಡಿ. ಒಂದು ದಿನ ನಿಮ್ಮ ಫೋನಿಗೂ ನಾನು ಬಂದಿರಬಹುದು, ನೀವು ನಕ್ಕು ಇನ್ನು ನಾಲ್ಕು ಜನಕ್ಕೆ ದಾಟಿಸಿರಲೂಬಹುದು. ಆದರೆ ಹುಟ್ಟುವಾಗ ನಾನು ಮೀಮ್ ಆಗಿರಲಿಲ್ಲ, ಸಾದಾ ಸೀದಾ ಫೋಟೋ ಆಗಿದ್ದೆ.

ಹುಟ್ಟಿದ್ದು ಗದಗಿನ ಸ್ಟೇಷನ್ ರಸ್ತೆಯಲ್ಲಿ, ನವೆಂಬರಿನ ಒಂದು ಮಧ್ಯಾಹ್ನ. ಮುಂಡಗೋಡದ ಟಿಬೆಟನ್ ಕಾಲೊನಿಯ ಕೆಲ್ಸಾಂಗ್ ಪ್ರತಿ ಚಳಿಗಾಲ ಸಂಕ್ರಾಂತಿಯ ತನಕ ಅಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾಳೆ. ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು, ಅದೇ ಬೇವಿನ ಮರದ ಪಕ್ಕ. ಊರಿನವರ ಬಾಯಲ್ಲಿ ಅವಳು ಕೆಲ್ಸಾಂಗವ್ವ. ಅಂದು ನಿವೃತ್ತ ಶಿಕ್ಷಕಿ ಶಾಂತವ್ವ ಟೀಚರ್ ಗಿಳಿಹಸಿರು ಸ್ವೆಟರೊಂದನ್ನು ಮೆಚ್ಚಿದರು. ಲಕ್ಷ್ಮೇಶ್ವರದ ತಂಗಿಗೆ ಬಣ್ಣ ಒಪ್ಪಿಗೆಯಾಗುತ್ತದೋ ಇಲ್ಲವೋ ಫೋಟೋ ಕಳಿಸಿ ಕೇಳಬೇಕಿತ್ತು.

“ಬಿಸಿಲಿಗೆ ಮುಖಾ ಮಾಡಿ ನಿಂದರವಾ ಕೆಲ್ಸಾಂಗವ್ವ. ಬಣ್ಣ ಚಲೋ ಬರತೈತಿ.”

“ನನ್ನ ಬಣ್ಣಾನೋ ಸ್ವೆಟರಿಂದೋ, ಟೀಚರ?” ಎಂದು ಕೆಲ್ಸಾಂಗ್ ಸ್ವೆಟರ್ ಎತ್ತಿ ಹಿಡಿದಳು. ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಕಣ್ಣು ಕಿರಿದಾಗಿ ಮುಚ್ಚಿಕೊಂಡವು, ಬಾಯಿ ಮಾತ್ರ ನಗುತ್ತಿತ್ತು. ಸ್ವೆಟರಿನ ಇನ್ನೊಂದು ತೋಳನ್ನು ಶಾಂತವ್ವ ತಮ್ಮ ಎಡಗೈಯಲ್ಲಿ ಹಿಡಿದಿದ್ದರು. ಬಳೆ ಹಾಕಿದ ಆ ಕೈಯೂ ನನ್ನೊಳಗೆ ಬಂತು. ಎಷ್ಟು ಚೆಂದ ಇದ್ದೆ ಅಂತೀರಿ!

ಲಕ್ಷ್ಮೇಶ್ವರದ ತಂಗಿ ಬಣ್ಣ ಒಪ್ಪಿದಳು. ಅವಳ ಮಗ ಫಕ್ಕೀರೇಶ ತಾಯಿಯ ಫೋನಿನಲ್ಲಿ ನನ್ನನ್ನು ಕಂಡ. ಅವನು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವನು, ಬಿಡುವಿದ್ದಾಗ ತನ್ನದೊಂದು ನಗೆ ಪೇಜಿಗೆ ಚಿತ್ರ ಹಾಕುವವನು. ಬಳೆಯ ಕೈಯನ್ನು ಕತ್ತರಿಸಿ ತೆಗೆದ. ನನ್ನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದ: “ಚೈನಾ ಮಾಲು! ಕಣ್ಣೂ ತೆರಿಯಂಗಿಲ್ಲ, ಗ್ಯಾರಂಟಿನೂ ಇಲ್ಲ.”

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಸಂಜೆಯೊಳಗೆ ಸಾವಿರಾರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಾಸ್ಟೆಲಿಗೆ ಹೋದೆ, ಬಸ್ಸಿನಲ್ಲಿ ಹೋದೆ, ಮದುವೆ ಮನೆಯ ಪಂಕ್ತಿಯಲ್ಲೂ ಕೈಯಿಂದ ಕೈಗೆ ಹೋದೆ. ಹೋದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಸಾಲು ಅಂಟಿಸಿದರು. ಮೊದಲು ನೂಡಲ್ಸ್ ಎಂದರು, ಆಮೇಲೆ ರೋಗ ಎಂದರು. ಕೊನೆಗೊಬ್ಬ ಪುಣ್ಯಾತ್ಮ “ಇಂಥವರ ಹತ್ರ ಏನೂ ತಗೋಬ್ಯಾಡ್ರಿ, ಊರು ಬಿಡಸ್ರಿ” ಎಂದು ಬರೆದ. ಅದರಲ್ಲಿ ನಗುವುದಕ್ಕೆ ಏನಿತ್ತೋ ದೇವರೇ ಬಲ್ಲ. ದಾಟಿದಷ್ಟೂ ನಾನು ಮಸುಕಾದೆ. ಗಿಳಿಹಸಿರು ಹೋಗಿ ಕೆಸರಿನ ಬಣ್ಣವಾಯಿತು.

ಹಾಗೇ ಒಂದು ದಿನ ಹುಬ್ಬಳ್ಳಿಯ ನರ್ಸಿಂಗ್ ಕಾಲೇಜಿನ ಒಂದು ತರಗತಿಗೆ ಬಂದೆ. ಹುಡುಗಿಯರು ನಗುತ್ತ ನಗುತ್ತ ನನ್ನನ್ನು ಗೆಳತಿಯೊಬ್ಬಳ ಮುಂದೆ ಹಿಡಿದರು. ಅವಳು ಯಾಂಗ್‌ಚೆನ್, ಕೆಲ್ಸಾಂಗಳ ಮಗಳು. ನಗಲಿಲ್ಲ. ನನ್ನನ್ನು ತನ್ನ ಫೋನಿಗೆ ಹಾಕಿಕೊಂಡು ನೇರ ಗದಗಿನ ಬಸ್ಸು ಹತ್ತಿದಳು.

ಅಮ್ಮನ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಹೇಳಿದಳು. ತಾನಿನ್ನು ಆ ತರಗತಿಯಲ್ಲಿ ಕೂರುವುದಿಲ್ಲ, ಅಮ್ಮನೂ ಈ ಊರಿನಲ್ಲಿ ಕೂರಬಾರದು, ಇಬ್ಬರೂ ಮುಂಡಗೋಡಕ್ಕೆ ಹೋಗಿಬಿಡೋಣ. ಕೆಲ್ಸಾಂಗ್ ಮೊದಲ ಸಲ ನನ್ನನ್ನು ನೋಡಿದಳು. ಅಂಗಡಿಯ ಮುಂದೆ ಮಕ್ಕಳು ಯಾಕೆ ಕಣ್ಣು ಎಳೆದು ತೋರಿಸುತ್ತಿದ್ದರು, ಗಿರಾಕಿಗಳು ಯಾಕೆ ಕಡಿಮೆಯಾದರು ಎಂದು ಆಗ ಅವಳಿಗೆ ತಿಳಿಯಿತು. ಅವಳ ಅಪ್ಪ ಅಮ್ಮ ಚೀನಾದ ಸೈನ್ಯಕ್ಕೆ ಹೆದರಿ, ಮನೆ ಮಾರು ಬಿಟ್ಟು ಹಿಮ ದಾಟಿ ಬಂದವರು. ಯಾರಿಗೆ ಹೆದರಿ ಓಡಿ ಬಂದರೋ ಅವರ ಹೆಸರನ್ನೇ ಜನ ಕೆಲ್ಸಾಂಗಳ ಹಣೆಗೆ ಬರೆದಿದ್ದರು. ಆ ಹಣೆಬರಹ ಹೊತ್ತವನು ನಾನು! ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ನಮ್ಮಂಥವರಿಗೆ ಸಾವೆಲ್ಲಿ?

ತಾಯಿ ಮಗಳು ಗಂಟು ಕಟ್ಟತೊಡಗಿದರು. ಅಷ್ಟರಲ್ಲಿ ಶಾಂತವ್ವ ಟೀಚರ್ ಬಂದರು. ಹಸಿರು ಸ್ವೆಟರ್ ತಂಗಿಗೆ ಬಿಗಿಯಾಗಿತ್ತಂತೆ, ಬದಲಿಸಬೇಕಂತೆ. ಜೊತೆಗೆ ತಂಗಿ, ಇಬ್ಬರನ್ನೂ ಕರೆತಂದ ಫಕ್ಕೀರೇಶ.

“ಇದೇನವಾ, ಸಂಕ್ರಾಂತಿ ಇನ್ನೂ ದೂರ ಐತಿ, ಈಗ ಗಂಟು ಕಟ್ಟಾಕ್ಹತ್ತೀರಲ್ಲ?”

ಯಾಂಗ್‌ಚೆನ್ ನನ್ನನ್ನು ಅವರ ಮುಂದೆ ಹಿಡಿದಳು. ಶಾಂತವ್ವ ಕನ್ನಡಕ ಏರಿಸಿ ನೋಡಿದರು. “ಅಯ್ಯ ಶಿವನ, ಇದು ನಾ ತಗದ ಫೋಟೋ! ನನ್ನ ಕೈ ಎಲ್ಲಿ ಹೋತು? ನಾ ನಿನಗಷ್ಟ ಕಳಿಸಿದ್ನೆಲ್ಲ?” ಎಂದು ತಂಗಿಯ ಕಡೆ ತಿರುಗಿದರು. ತಂಗಿ ಮಗನ ಕಡೆ ತಿರುಗಿದಳು. ಮಗ ಎಲ್ಲಿಗೂ ತಿರುಗಲಿಲ್ಲ.

ಕೆಲ್ಸಾಂಗ್ ಬೈಯಲಿಲ್ಲ. ಅವನ ಹಿಂದೆ ಹೋಗಿ ಭುಜದಿಂದ ಭುಜಕ್ಕೆ ಗೇಣು ಹಾಕಿದಳು. “ನಲವತ್ತು. ಹೋದ ಸಲಾನೂ ನಲವತ್ತ. ನಿನ್ನ ಮುಖಾ ಇವತ್ತ ನೋಡಿದೆ ತಮ್ಮಾ, ನಿನ್ನ ಅಳತಿ ಇಪ್ಪತ್ತೆರಡು ವರ್ಷದಿಂದ ಗೊತ್ತೈತಿ. ಟೀಚರು ತಂಗಿ ಮಗನಿಗೆ ಅಂತ ಇಪ್ಪತ್ನಾಕು ನಂಬರಿನಿಂದ ಒಯ್ಯಾಕ್ಹತ್ಯಾರ.” ಅವನು ಹಾಕಿಕೊಂಡಿದ್ದ ಸ್ವೆಟರಿನ ಅಂಚು ಎಳೆದು ನೋಡಿದಳು. “ಇದೂ ನಂದ. ಆರು ವರ್ಷ ಆತು, ಒಂದು ಎಳೀ ಬಿಚ್ಚಿಲ್ಲ. ಮತ್ತ ಗ್ಯಾರಂಟಿ ಇಲ್ಲಂತ ಬರದೀಯಲ್ಲೋ!”

ಶಾಂತವ್ವ ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕುಬಿಟ್ಟರು. ನನ್ನನ್ನು ನೋಡಿ ನಕ್ಕ ಸಾವಿರ ನಗೆಯಲ್ಲಿ ಇಂಥದ್ದೊಂದು ಇರಲಿಲ್ಲ.

“ಚ್ಯಾಷ್ಟಿ ನನಗೂ ಬರತೈತಿ ತಮ್ಮಾ,” ಎಂದಳು ಕೆಲ್ಸಾಂಗ್. “ಆದ್ರ ನನ್ನ ಮಗಳು ಕಾಲೇಜಿಗೆ ಹೋಗಾಕ ಅಂಜ್ಯಾಳ. ಅದು ಹೊಟ್ಯಾಗ ಬೆಂಕಿ ಹಾಕಿದಂಗ ಆಗೈತಿ.”

“ತಪ್ಪಾತ್ರಿ ಅವ್ವಾರ. ಈಗ ಅಳಸತೇನಿ,” ಎಂದ ಫಕ್ಕೀರೇಶ. ಜೇಬಿನಿಂದ ಫೋನು ತೆಗೆದ.

“ಅಳಿಸಿದರ ಹೋಗತೈತೇನು? ಊರ ತುಂಬ ಹಬ್ಬೈತಿ. ಹರದೀ ಅಲ್ಲ, ಹೊಲಿದು ತೋರಸು,” ಎಂದಳು ಯಾಂಗ್‌ಚೆನ್.

ಮರುದಿನ ಅವನು ಹೊಲಿದ ಹೊಲಿಗೆ ಇದು: ಶಾಂತವ್ವನ ಫೋನಿನಿಂದ ನನ್ನ ಮೂಲ ರೂಪ ತೆಗೆದು, ಬಳೆಯ ಕೈ ಸಮೇತ ದೊಡ್ಡ ಫ್ಲೆಕ್ಸ್ ಮಾಡಿದ. ಮಾತು ಕೆಲ್ಸಾಂಗಳದೇ: “ಬಿಸಿಲಿಗೆ ಕಣ್ಣು ಮುಚ್ಚೀನಿ, ಅಳತಿ ತಪ್ಪಿಲ್ಲ. ಇಪ್ಪತ್ತೆರಡು ವರ್ಷ, ಇದೇ ಬೇವಿನಗಿಡ.” ತನ್ನ ಪೇಜಿಗೂ ಅದನ್ನೇ ಹಾಕಿ, ಹಳೇ ಸ್ವೆಟರಿನಲ್ಲಿ ನಿಂತ ತನ್ನ ಫೋಟೋ ಸೇರಿಸಿ, ಮೊದಲಿನದು ಮಾಡಿದವನು ತಾನೇ ಎಂದು ಬರೆದ. ಕೆಲವರು ಅವನಿಗೇ ಬೈದರು. ಯಾಂಗ್‌ಚೆನ್ ಅದನ್ನು ತನ್ನ ತರಗತಿಗೆ ತಾನೇ ಕಳಿಸಿ, ಸೋಮವಾರ ಬಸ್ಸು ಹತ್ತಿದಳು. ಕಟ್ಟಿದ ಗಂಟುಗಳು ಬಿಚ್ಚಿದವು.

ಈಗ ನನಗೆ ವಯಸ್ಸಾಗಿದೆ. ಆ ಹಳೇ ಮಸುಕು ರೂಪ ಇನ್ನೂ ಎಲ್ಲೋ ಅಲೆಯುತ್ತದೆ, ಯಾರೋ ನಗುತ್ತಾರೆ. ಆದರೆ ಒಮ್ಮೊಮ್ಮೆ ಅದರ ಕೆಳಗೆ ಯಾರಾದರೂ ಬಳೆಯ ಕೈಯ ಚಿತ್ರ ಹಾಕುತ್ತಾರೆ, ಆಗ ನಗು ಸ್ವಲ್ಪ ತಡವರಿಸುತ್ತದೆ. ನನಗೆ ಅಷ್ಟಾದರೂ ಸಾಕು. ಫ್ಲೆಕ್ಸ್ ರೂಪದಲ್ಲಿ ಬೇಸಿಗೆಯೆಲ್ಲ ಮುಂಡಗೋಡದ ಮನೆಯಲ್ಲಿ ಸ್ವೆಟರ್ ಗಂಟುಗಳಿಗೆ ಹೊದಿಕೆಯಾಗಿ ಮಲಗುತ್ತೇನೆ. ನವೆಂಬರ್ ಬಂದರೆ ಮತ್ತೆ ಗದಗು.

ಈ ವರ್ಷ ನನ್ನನ್ನು ಬೇವಿನ ಮರಕ್ಕೆ ಕಟ್ಟಲು ಫಕ್ಕೀರೇಶ ಏಣಿ ಹತ್ತಿದ್ದ. ಕೆಳಗೆ ನಿಂತ ಯಾಂಗ್‌ಚೆನ್ ಕೂಗಿ ಹೇಳಿದಳು:

“ಸ್ವಲ್ಪ ಆ ಕಡೆ ತಿರುಗಿಸಿ ಕಟ್ಟಣ್ಣಾ, ಈ ಸಲ ನಮ್ಮವ್ವನ ಕಣ್ಣಿಗೆ ಬಿಸಿಲು ಬೀಳೂದು ಬ್ಯಾಡ.”