ನೆಂಟನಿಗೆ ಹೇಳಿದ ಬೆಲೆ

"ನಿನ್ ನಾಲ್ಗೆ ಸೇದೋಗ, ಕಾಲಿಚಾ. ಊರೋರ್ ಹೊಟ್ಟೆ ಮೇಲೆ ಹೊಡ್ದ್ಯಲ್ಲೇ ಮುಂಡೆ."

ಡೈರಿಯ ಹಾಲಿನ ಲಾರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರೆಲ್ಲ ಕೇಳುವಂತೆ ಉರ್ಮತ್ ಬೈದ. ಲೀಟರಿಗೆ ಮೂವತ್ತೆಂಟು ಸೋಮ್ ಇದ್ದ ಹಾಲಿನ ಬೆಲೆ ಆ ಬೆಳಿಗ್ಗೆ ಇಪ್ಪತ್ತಾರಕ್ಕೆ ಇಳಿದಿತ್ತು.

"ನನ್ ಮುಖ ಯಾಕ್ ನೋಡ್ತೀರ?" ಎಂದ ಲಾರಿಯ ಅಕ್ಮತ್. "ಬೆಣ್ಣೆ ಬೆಲೆ ನೋಡಿ ಹಾಲಿಗೆ ಬೆಲೆ ಕಟ್ಟೋದು ಸರ್ಕಾರ. ನಮ್ ಕಣಿವೆಗೆಲ್ಲ ಈ ಸಲದಿಂದ ಬೆಣ್ಣೆ ಬೆಲೆ ಕೇಳೋಕೆ ಇವಳಂಗ್ಡೀನೇ ಆರಿಸ್ಕೊಂಡವ್ರೆ. ಕಿಲೋಗೆ ಮುನ್ನೂರು ಅಂದವ್ಳೆ ಮಾರಾಯ್ತಿ."

ಕಾಲಿಚಾ ತಲೆ ತಗ್ಗಿಸಿದಳು. ಅಂದದ್ದು ನಿಜ.

ಹೋದ ತಿಂಗಳು ಬೆಲೆ ಬರೆದುಕೊಳ್ಳುವ ಕಚೇರಿಯ ಮೆದೆರ್ ಬಿಸಿಲಲ್ಲಿ ಬೆಂದು ಬಂದಿದ್ದ. ರಸ್ತೆಬದಿಯಲ್ಲಿ ಬೆಣ್ಣೆ ಮಾರುವ ಅವಳ ಗುಡಾರಕ್ಕೆ ಯಾರೇ ಬರಲಿ, ರೊಟ್ಟಿಯ ಚೂರಿಗೆ ಬೆಣ್ಣೆ ಹಚ್ಚಿ ಬಾಯಿಗೆ ಮುಟ್ಟಿಸದೆ ಕಳಿಸುವ ಪದ್ಧತಿಯಿಲ್ಲ. ಅವನು ತಿಂದ. ತಿಂದು, ಬೆಣ್ಣೆಗೆಷ್ಟು ಎಂದ. ರೊಟ್ಟಿ ಮುಟ್ಟಿದ ನೆಂಟನಿಗೆ ಪೇಟೆಯ ಬೆಲೆ ಹೇಳುವುದುಂಟೆ? ತಮ್ಮನ ವಯಸ್ಸಿನವನು ಬೇರೆ.

"ನಿಂಗೆಂಥ ಬೆಲೆಯೋ. ಇಷ್ಟ ಬಂದಷ್ಟು ಕೊಡು."

"ಫೋನಲ್ಲಿ ಖಾಲಿ ಬಿಡಂಗಿಲ್ಲಕ್ಕಾ. ಏನಾದ್ರೂ ಒಂದು ಹೇಳು."

ಅಂಥವರಿಗೆ ಹೇಳುವ ಅರ್ಧ ಬೆಲೆ ಹೇಳಿ ನಕ್ಕಳು. ಅವನು ಫೋನಿನಲ್ಲಿ ಒತ್ತಿಕೊಂಡ. ಕೊಳ್ಳದೆ ಹೊರಟವನ ಕೈಯಲ್ಲಿ ಕಾಸಿಲ್ಲವೇನೋ ಎಂದು ಅವಳ ಕರುಳು ಚುರುಕ್ಕೆಂದಿತು. ಒಂದು ಉಂಡೆ ಬೆಣ್ಣೆ ಸುತ್ತಿಕೊಟ್ಟಳು.

ಉರ್ಮತ್‌ನಿಂದ ಬೈಸಿಕೊಂಡ ಮೇಲೆ ಅದನ್ನೇ ಹೇಳಲು ಜಿಲ್ಲಾ ಕಚೇರಿಗೆ ಹೋದಳು. ಸಾಹೇಬ ಕುರ್ಚಿ ತೋರಿಸಲಿಲ್ಲ.

"ಸ್ವಾಮಿ, ಅದು ಬೆಲೆ ಅಲ್ಲ. ನೆಂಟ್ರಿಗೆ ಹೇಳೋ ಮಾತು. ತಿದ್ದಿ."

"ರಾಜಧಾನಿಗೆ ಹೋದದ್ದನ್ನ ವಾಪಸ್ ಕಕ್ಕಿಸ್ಲಾ? ಸುಳ್ಳು ಹೇಳ್ದೆ ಅಂತ ಒಪ್ಕೋ, ದಂಡ ಹಾಕ್ತೀನಿ."

"ಡೈರಿಯೋರು ನಮ್ ಹಾಲಿನ್ ಬೆಣ್ಣೇನೇ ಪೇಟೇಲಿ ಎಂಟ್ನೂರಕ್ಕೆ ಮಾರ್ತಾರಲ್ಲ, ಅದನ್ ಯಾಕ್ ಬರ್ಕೊಳಲ್ಲ?"

"ಅದು ಅವ್ರ ವ್ಯಾಪಾರದ ಗುಟ್ಟು. ಕೇಳಂಗಿಲ್ಲ."

"ನಮ್ದು?"

"ನಿಮ್ದೇನಮ್ಮ ಗುಟ್ಟು? ಸಗಣಿ ನಾತ ಹೊಡೀತಿದ್ದೀಯ, ಆ ಕಡೆ ನಿಂತ್ಕೋ."

ಅವಳು ಆ ಕಡೆ ನಿಂತಳು. ಹಾಗೆ ನಿಂತದ್ದನ್ನು ನೆನೆದರೆ ಈಗಲೂ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಚಳಿಗಾಲದ ಹುಲ್ಲಿಗೆ ಗತಿಯಿಲ್ಲದೆ ಉರ್ಮತ್ ಕರೆಯುವ ಹಸುವನ್ನು ಕಟುಕನಿಗೆ ಮಾರಿದ. ಕೆಚ್ಚಲು ತುಂಬಿಕೊಂಡೇ ಅದು ಅವಳ ಗುಡಾರದ ಮುಂದೆ ಹಾದುಹೋಯಿತು. ಹಗ್ಗ ಹಿಡಿದ ಉರ್ಮತ್ ಅವತ್ತು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಈ ತಿಂಗಳ ಬೆಲೆ ಬರೆದುಕೊಳ್ಳಲು ಮೆದೆರ್ ಮತ್ತೆ ಬಂದ. ಅವನು ಬರುವುದು ತಿಳಿದು ಊರಿನ ಹೆಂಗಸರೂ ಬಂದು ಗುಡಾರದ ಸುತ್ತ ನಿಂತಿದ್ದರು. ಈ ಸಲವಾದರೂ ಸರಿಯಾಗಿ ಬೊಗಳೇ ಎಂದು ಒಬ್ಬಳು ಅವಳ ಬೆನ್ನಿಗೆ ಚುಚ್ಚಿದಳು.

"ಚೆನ್ನಾಗಿದ್ದೀಯಾಕ್ಕಾ?" ಎನ್ನುತ್ತ ಅವನು ಪದ್ಧತಿಯ ರೊಟ್ಟಿಗೆ ಕೈ ಚಾಚಿದ.

ಕಾಲಿಚಾ ರೊಟ್ಟಿ ಮುರಿದಳು, ಬೆಣ್ಣೆ ಹಚ್ಚಿದಳು. ಅವನ ಕೈಗೆ ಸಿಗದ ಹಾಗೆ ಎತ್ತಿ ಹಿಡಿದಳು.

"ಮೊದ್ಲು ದುಡ್ಡು."

ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ರೊಟ್ಟಿಗೆ ದುಡ್ಡು ಕೇಳಿದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಏನಕ್ಕಾ ಇದು, ರೊಟ್ಟಿಗೂ..."

"ನೀನ್ ನೆಂಟ ಅಲ್ಲ ಕಣೋ. ನೀನು ಸರ್ಕಾರ. ಬೆಣ್ಣೆ ಕಿಲೋಗೆ ಆರ್ನೂರು. ಬರ್ಕೋ."

ಅವನು ಒತ್ತಿದ. ಫೋನಿನ ಪರದೆ ಕೆಂಪಾಯಿತು. ಅಳಿಸಿ ಮತ್ತೆ ಒತ್ತಿದ. ಹಣೆಯ ಬೆವರು ಒರೆಸಿಕೊಂಡ.

"ತಗೊಳ್ತಿಲ್ಲಕ್ಕಾ. ಮೊದಲ್ನೇ ಸಲ ಹೇಳಿದ್ದೇ ಅಳತೆ. ಒಂದೇ ತಿಂಗ್ಳಿಗೆ ಇಷ್ಟ್ ಏರಿದ್ರೆ ತಪ್ಪು ಅಂತದೆ. ತಾನೇ ಹಳೇದು ಹಾಕ್ಕೊಳ್ತದೆ."

"ಹಳೇದು ಅಂದ್ರೆ?"

"ಮುನ್ನೂರು."

ಮೆದೆರ್ ಜೇಬು ತಡಕಿ ಒಂದು ನೋಟು ತೆಗೆದು ಹಲಗೆಯ ಮೇಲಿಟ್ಟ. ರೊಟ್ಟಿಯನ್ನು ಮುಟ್ಟದೆ, ಅವಳ ಕಣ್ಣು ತಪ್ಪಿಸಿ ಇಳಿಜಾರು ಹಿಡಿದ. ಹೆಂಗಸರು ಒಬ್ಬೊಬ್ಬರೇ ಕರಗಿದರು.

ರೊಟ್ಟಿಯನ್ನು ಬಿಸಾಡುವಂತಿಲ್ಲ. ಮಾರಿದ್ದನ್ನು ತಾನೇ ತಿನ್ನಲು ಅವಳಿಗೆ ಬಾಯಿ ಬರಲಿಲ್ಲ. ರೊಟ್ಟಿ ಹಿಡಿದು ಎತ್ತಿದ ಕೈ ಎತ್ತಿದಂತೆಯೇ ನಿಂತಳು. ಬೆಣ್ಣೆ ಬಿಸಿಲಿಗೆ ಕರಗಿ, ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯುತ್ತಿತ್ತು.