ನಾಯಿ ಹೆದರದಂಥದ್ದು

ಹೊರಟಿತು, ತಾನೇ ಓಡಾಡಿ ಕಸ ಹೀರುವ, ಊಟದ ತಟ್ಟೆಯಷ್ಟಗಲದ ಕಪ್ಪು ದುಂಡನೆಯ ಯಂತ್ರ, ಅಂಗಡಿಯ ಹುಡುಗಿ ನೆಲಕ್ಕೆ ಚೆಲ್ಲಿದ ಕಾಗದದ ಚೂರುಗಳ ಕಡೆಗೆ, ನೆಟ್ಟಗೆ ಹೋಗಿ ತಿರುಗಿ ಮತ್ತೆ ನೆಟ್ಟಗೆ, ಸದ್ದು ಮಾಡುತ್ತಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿಲ್ಲ, ಸದ್ದಿಲ್ಲದ್ದು ಬೇಕು ಅಂತ ಕೇಳಿಕೊಂಡು ಬಂದವನು ನಾನೇ, ಆದರೆ ಸದ್ದು ಅಳೆಯಲಿಕ್ಕೆ ನನ್ನಲ್ಲಿ ಕಿವಿಯೇ ಇಲ್ಲ, ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ ಮಗ್ಗಗಳ ನಡುವೆ ನಿಂತು ಕಿವಿಯನ್ನು ಅಲ್ಲೇ ಬಿಟ್ಟು ಬಂದವನು, ಡಾಕ್ಟರು ಕೊಟ್ಟ ಕಿವಿಯ ಯಂತ್ರ ಎಲ್ಲ ಸದ್ದನ್ನೂ ಒಂದೇ ಮುದ್ದೆ ಮಾಡಿ ಸುರಿಯುತ್ತದೆ, ಅದಕ್ಕಿಂತ ಕಿವುಡೇ ವಾಸಿ. ಹುಡುಗಿಯ ತುಟಿ ಆಡುತ್ತಿದೆ, ಐವತ್ತೆಂಟು ಡೆಸಿಬಲ್ ಸರ್, ಮಕ್ಕಳಿರೋ ಮನೆಗೆ, ನಾಯಿ ಬೆಕ್ಕು ಇರೋ ಮನೆಗೆ ಇದೇ ಬೆಸ್ಟು, ಇದರ ಬ್ರಷ್ಷು ರಬ್ಬರಿಂದು, ಕೂದಲು ಸುತ್ತಿಕೊಳ್ಳಲ್ಲ — ತುಟಿ ಓದುವುದು ಮಿಲ್ಲಿನ ಎಲ್ಲರಿಗೂ ಬರುತ್ತದೆ, ಆದರೆ ಈಕೆ ಮಾತಿನ ನಡುವೆ ಮುಖ ತಿರುಗಿಸುತ್ತಾಳೆ, ಅರ್ಧ ಮಾತು ಪೆಟ್ಟಿಗೆಗಳ ಸಾಲಿಗೆ ಹೋಗಿಬಿಡುತ್ತದೆ, ಆಗ ನನ್ನ ಮಗಳು ಎದುರಿಗೆ ಬಂದು ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳುತ್ತಾಳೆ, ಹತ್ತು ವರ್ಷದವಳು, ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಬಂದಿರುವುದು ಅವಳೇ ಅನ್ನುವ ಗತ್ತು. ಸನ್ನೆಯೆಲ್ಲ ಮಿಲ್ಲಿನದು, ನೂಲು ಕಡಿಯಿತು, ಮಗ್ಗ ನಿಲ್ಲಿಸು, ಮೇಸ್ತ್ರಿ ಬರುತ್ತಿದ್ದಾನೆ, ಇಷ್ಟರಲ್ಲೇ ನಮ್ಮ ಸಂಸಾರ ನಡೆಯುತ್ತಿತ್ತು, ಮೇಸ್ತ್ರಿ ಬರುತ್ತಿದ್ದಾನೆ ಅಂದರೆ ಮನೆಯಲ್ಲಿ ಅಮ್ಮನಿಗೆ ಕೋಪ ಬಂದಿದೆ ಅಂತ ಅರ್ಥ, ಆ ಸನ್ನೆ ಮಾಡಿ ಐದು ತಿಂಗಳಾಯಿತು.

ನಾನು ಬಗ್ಗಿ ನೆಲಕ್ಕೆ ಅಂಗೈ ಊರಿದೆ, ಹುಡುಗಿ ಏನೋ ಬಿದ್ದಿರಬೇಕೆಂದು ತಾನೂ ಬಗ್ಗಿದಳು, ಬಿದ್ದಿಲ್ಲಮ್ಮ, ನೋಡ್ತಾ ಇದೀನಿ ಅಷ್ಟೇ, ಮಗ್ಗದಲ್ಲಿ ಯಾವ ಲಾಳಿ ಸರಿಯಾಗಿ ಓಡುತ್ತಿಲ್ಲ ಅನ್ನುವುದನ್ನು ನಾನು ಚೌಕಟ್ಟಿಗೆ ಕೈಯಿಟ್ಟು ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಹೊಸಬರು ಬೆರಗಾಗುತ್ತಾರೆ. ಮೊದಲು ತೋರಿಸಿದ ಮಾಡೆಲ್ಲಿನ ನಡುಕ ಅಂಗೈಗೆ ಒರಟಾಗಿತ್ತು, ಎರಡನೆಯದು ಎಲ್ಲದಕ್ಕೂ ಮಾತಾಡುತ್ತದಂತೆ, ಶುರು ಮಾಡುತ್ತೇನೆ, ಮುಗಿಸಿದೆ, ಸಿಕ್ಕಿಕೊಂಡೆ ಅಂತ, ಬೇಡ, ಉತ್ತರ ಸಿಗದ ಮನೆಯಲ್ಲಿ ಮಾತಾಡುವವರ ಗತಿ ಏನಾಗುತ್ತದೆಂದು ನನಗೆ ಗೊತ್ತು. ಇದು ಮೂರನೆಯದು, ಅಂಗೈಯಲ್ಲಿ ಬೆಕ್ಕಿನ ಗುರುಗುರುವಿನಷ್ಟೇ ಇದೆ. ಬೆಕ್ಕಿನದು ಚಿಂತೆಯಿಲ್ಲ, ನಮ್ಮ ಬೆಕ್ಕಿಗೆ ಮೇಡಮ್ ಅಂತ ಹೆಸರು, ಅದು ಯಾರಿಗೂ ಹೆದರುವುದಿಲ್ಲ, ನಾಳೆಯೇ ಇದರ ಮೇಲೆ ಹತ್ತಿ ಕೂತು ಮನೆ ಸುತ್ತು ಹಾಕೀತು, ಸಣ್ಣ ಮಗ ಅದರ ಹಿಂದೆ ಓಡಿಕೊಂಡು ಹೋದಾನು, ಅದೂ ಚಿಂತೆಯಿಲ್ಲ, ಕಾಲಿಗೆ ತಾಗಿದರೆ ತಾನೇ ಹಿಂದೆ ಸರಿಯುತ್ತೆ ಸರ್ ಅಂದಿದ್ದಾಳೆ. ಚಿಂತೆ ನಾಯಿಯದು. ಮುದುಕನದು. ಮರಿಯಾಗಿದ್ದಾಗಲೇ ಮುಖದ ತುಂಬ ಬಿಳಿ ಕೂದಲು, ಅದಕ್ಕೇ ನನ್ನ ಹೆಂಡತಿ ಮುದುಕ ಅಂತ ಕರೆದದ್ದು, ಈಗ ನಿಜಕ್ಕೂ ಮುದುಕ, ಸೋಫಾದ ಕೆಳಗೆ, ಮಕ್ಕಳ ಹೊದಿಕೆಯ ಮೇಲೆ, ನನ್ನ ಮಿಲ್ಲಿನ ಶರ್ಟಿನ ಮೇಲೆ ಎಲ್ಲೆಲ್ಲೂ ಅವನ ಕೂದಲು. ಒಂದು ದಿನ, ಒಂದೇ ಒಂದು ದಿನ, ನೀವಾಗಿ ಪೊರಕೆ ಹಿಡಿದರೆ ನಾನು ಬದುಕಿರುವಾಗಲೇ ಸ್ವರ್ಗ ನೋಡ್ತೀನಿ ಅನ್ನುತ್ತಿದ್ದಳು, ಮೂರು ಸಲ ಅಂದಿರಬೇಕು, ನಾನು ಮೂರನೆಯದನ್ನು ಮಾತ್ರ ಕೇಳಿಸಿಕೊಂಡೆ, ಅಷ್ಟು ಹೊತ್ತಿಗೆ ಅವಳೇ ಗುಡಿಸಿ ಮುಗಿಸಿದ್ದಳು.

ಪೊರಕೆಗಾಗಿ ಯಾರೂ ಮನೆ ಬಿಡುವುದಿಲ್ಲ. ಬಿಟ್ಟದ್ದು ಇನ್ನೊಂದಕ್ಕೆ, ಕೇಳಿಸಲಿಲ್ಲ ಅನ್ನುವ ಮಾತಿಗೆ. ಹನ್ನೊಂದು ವರ್ಷ ನನ್ನ ಉತ್ತರ ಅದೊಂದೇ, ಕೇಳಿಸಲಿಲ್ಲ ಕಣೇ, ಮಗಳಿಗೆ ಜ್ವರ ಅಂದಳು, ಕೇಳಿಸಲಿಲ್ಲ, ನನಗೆ ಸಾಕಾಗಿದೆ ಅಂದಳು, ಕೇಳಿಸಲಿಲ್ಲ, ಕೆಲವು ಸಲ ನಿಜಕ್ಕೂ ಕೇಳಿಸಿರಲಿಲ್ಲ, ಕೆಲವು ಸಲ — ಈಗ ಯಾರೂ ಇಲ್ಲದಿರುವಾಗ ಒಪ್ಪಿಕೊಳ್ಳುತ್ತೇನೆ — ಕೇಳಿಸಿತ್ತು, ಉತ್ತರ ಹುಡುಕುವ ಸೋಮಾರಿತನಕ್ಕೆ ಕಿವುಡು ಒಳ್ಳೆಯ ಮುಸುಕು. ಅವಳಿಗೂ ಅದು ಗೊತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕು, ಕೋಣ ತಲೆಯಾದ್ರೂ ಅಲ್ಲಾಡಿಸುತ್ತೆ ರೀ, ಅಂದವಳು ಎರಡು ಬಟ್ಟೆ ಚೀಲ ಹಿಡಿದು ಊರಿನ ಆ ತುದಿಯಲ್ಲಿರುವ ಅಕ್ಕನ ಒಂದು ಕೋಣೆಯ ಮನೆಗೆ ಹೋದಳು, ಮಕ್ಕಳ ಶಾಲೆ ಇಲ್ಲೇ ಇರುವುದರಿಂದ ಮಕ್ಕಳು ಇಲ್ಲೇ, ಭಾನುವಾರ ಬಸ್ಸಿನಲ್ಲಿ ಅಲ್ಲಿಗೆ. ಅವಳಿಲ್ಲದ ಮನೆ ಹೇಗಿದೆಯೆಂದರೆ ದೀಪ ಆಡುವುದಿಲ್ಲ, ಕೂಗಿ ಪ್ರಯೋಜನವಿಲ್ಲವೆಂದು ಅವಳು ಅಡುಗೆಮನೆಯಿಂದಲೇ ನಡುಮನೆಯ ದೀಪ ಆರಿಸಿ ಹಚ್ಚುತ್ತಿದ್ದಳು, ಒಂದು ಸಲ ಅಂದರೆ ಊಟಕ್ಕೆ ಬನ್ನಿ, ಎರಡು ಸಲ ಅಂದರೆ ಬೇಗ ಬನ್ನಿ, ಹಾಲು ಉಕ್ಕುತ್ತಿದ್ದಾಗ ಟಪಟಪ ಟಪಟಪ, ಹೋದ ತಿಂಗಳು ಒಂದು ಸಂಜೆ ಕರೆಂಟು ಹೋಗಿ ಬಂತು, ನಾನು ಹಾಗೇ ಎದ್ದು ಅಡುಗೆಮನೆಗೆ ಓಡಿದೆ, ಒಲೆಯ ಮುಂದೆ ಯಾರೂ ಇರಲಿಲ್ಲ, ಸಣ್ಣವನು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ, ನೀರು ಕುಡಿಯೋಕೆ ಬಂದೆ ಕಣೋ ಅಂದೆ, ನೀರೂ ಕುಡಿದೆ.

ಆಮೇಲೆ ಆ ಬುಧವಾರ. ಬುಧವಾರ ಮಿಲ್ಲಿಗೆ ರಜೆ, ಮಕ್ಕಳು ಶಾಲೆಗೆ ಹೋಗಿದ್ದರು, ಮನೆ ಲಕ್ಷಣವಾಗಿ ಕಂಡರೆ ಮಕ್ಕಳು ಹೋಗಿ ಅವಳಿಗೆ ಹೇಳುತ್ತಾರೆ ಅನ್ನುವ ಆಸೆಗೆ, ಹೌದು ಆಸೆಗೇ, ಮೇಸ್ತ್ರಿಯನ್ನು ಕೇಳಿ ಮಿಲ್ಲಿನ ಯಂತ್ರವನ್ನೇ ಮನೆಗೆ ತಂದಿದ್ದೆ, ಮಗ್ಗಗಳ ಕೆಳಗೆ ಕೂರುವ ಹತ್ತಿಯ ಧೂಳು ಹೀರುವ ಡ್ರಮ್ಮಿನಂಥದ್ದು, ಮನೆಗೆ ಅಂಥದ್ದನ್ನು ಯಾರು ತರುತ್ತಾರೆ, ನನ್ನಂಥವನು ತರುತ್ತಾನೆ, ನನಗದು ಮೆಲ್ಲಗೆ ಗುಂಯ್‌ಗುಡುತ್ತಿತ್ತು, ಮುದುಕ ಮಾತ್ರ ಮಂಚದ ಕೆಳಗೆ ನುಗ್ಗಿದವನು ಸಂಜೆಯವರೆಗೂ ಈಚೆ ಬರಲಿಲ್ಲ, ನಾನು ನಕ್ಕೆ, ಹೇಡಿ ನನ್ಮಗನೇ ಅಂದೆ, ಸೋಫಾ ಸರಿಸಿ, ಕಪಾಟು ಸರಿಸಿ, ಬೆವರಿಳಿಸಿಕೊಂಡು ಎರಡು ಗಂಟೆ ಗುಡಿಸಿದೆ, ಹಾಡಿಕೊಂಡೂ ಇದ್ದೆನೇನೋ. ಮಾರನೆಯ ದಿನ ಎದುರುಮನೆಯ ಅಜ್ಜಿ, ಸಂಜೆ ಸಣ್ಣವನನ್ನು ನೋಡಿಕೊಳ್ಳುವವರು, ನನ್ನ ತೋಳು ಹಿಡಿದು ಕಿವಿಯ ಹತ್ತಿರ ಬಂದು, ನಿನ್ನೆ ನಿನ್ನ ಹೆಂಡತಿ ಬಂದಿದ್ದಳಲ್ಲಪ್ಪ, ಏನಂದಳು? ಎಷ್ಟು ಹೊತ್ತಿಗೆ ಅಜ್ಜಿ? ಹತ್ತು ಹತ್ತೂವರೆ, ಬಾಗಿಲು ತಟ್ಟಿದಳು, ಮತ್ತೆ ತಟ್ಟಿದಳು, ಒಳಗೆ ಮೆಷಿನ್ನು ಬೀದಿಗೆಲ್ಲ ಕೇಳ್ತಿತ್ತು, ನೀನು ಇದ್ದೀಯ ಅಂತ ಅವಳಿಗೂ ಗೊತ್ತಾಯ್ತು, ನಿಂತಳಪ್ಪ, ಬಹಳ ಹೊತ್ತು ನಿಂತಳು. ಬುಧವಾರ. ಮಕ್ಕಳು ಇರುವುದಿಲ್ಲವೆಂದು ಅವಳಿಗೆ ಗೊತ್ತಿರುವ ದಿನ. ಮಕ್ಕಳಿಗಾಗಿ ಬಂದದ್ದಲ್ಲ. ಒಳಗಿದ್ದೂ ಬಾಗಿಲು ತೆಗೆಯಲಿಲ್ಲ ಅಂತಲೇ ಅವಳು ಹೋಗಿರುತ್ತಾಳೆ, ಮತ್ತೆ ಯಾಕೆ ಬರುತ್ತಾಳೆ, ಬರಲಿ ಅಂತ ನನ್ನ ಜೀವ ಬಡಿದುಕೊಳ್ಳುತ್ತದೆ, ಹೇಳಿ ಕಳಿಸೋಣವೆಂದರೆ ಏನಂತ ಹೇಳಿ ಕಳಿಸಲಿ, ನನ್ನ ಬಳಿ ಇರುವುದು ಅದೊಂದೇ ಮಾತು, ಕೇಳಿಸಲಿಲ್ಲ, ಈ ಸಲ ಅದು ದೇವರಾಣೆಗೂ ನಿಜ, ಆದರೆ ಹನ್ನೊಂದು ವರ್ಷ ಸವೆಸಿಬಿಟ್ಟಿದ್ದೇನೆ ಆ ಮಾತನ್ನು, ಕೆಟ್ಟ ಮೇಲೆ ಬುದ್ಧಿ ಬಂತು. ಆ ಭಾನುವಾರ ಮಗಳು ವಾಪಸು ಬಂದಾಗ ಕೇಳಿದೆ, ಅಮ್ಮ ಏನಾದ್ರೂ ಅಂದ್ಲಾ? ಏನೂ ಇಲ್ಲ. ಏನೂ? ಮುದುಕ ಹೇಗಿದ್ದಾನೆ ಅಂತ ಕೇಳಿದ್ಲು.

ಅಪ್ಪ, ಇದು ನಿಜಕ್ಕೂ ಸದ್ದೇ ಮಾಡಲ್ಲ, ಮಗಳು ಸನ್ನೆ ಬಿಟ್ಟು ಬಾಯಲ್ಲೇ ಹೇಳುತ್ತಿದ್ದಾಳೆ, ನನ್ನ ಮುಖ ನೋಡುತ್ತ, ಬುಧವಾರದ್ದು ಅಜ್ಜಿ ಇವಳಿಗೂ ಹೇಳಿರಬೇಕು, ಆದ್ರೆ ಅಪ್ಪ, ಇದು ಸದ್ದು ಮಾಡದೆ ಇದ್ರೂ ಬಾಗಿಲು ತಟ್ಟಿದ್ರೆ ನಿಂಗೆ ಕೇಳ್ಸಲ್ವಲ್ಲ. ಕೇಳ್ಸಲ್ಲ ಕಣೇ. ಮತ್ತೆ? ಮುದುಕನಿಗೆ ಕೇಳ್ಸುತ್ತೆ, ಅವನು ಬಾಗಿಲ ಹತ್ತಿರ ಮಲಗಿರ್ತಾನೆ, ಯಾರಾದ್ರೂ ಬಂದ್ರೆ ತಲೆ ಎತ್ತುತ್ತಾನೆ, ನಾನು ಅವನನ್ನೇ ನೋಡ್ತಾ ಇರ್ತೀನಿ. ಮಗಳು ಹುಡುಗಿಯ ಕಡೆ ತಿರುಗಿ, ಇದೇ ಕೊಡಿ ಅಕ್ಕ, ನಾಯಿ ಹೆದರಬಾರದು ಅಷ್ಟೇ ನಮಗೆ, ಅಂದಳು, ತುಟಿ ಓದಿದೆ. ಹುಡುಗಿ ಹೊಸ ಪೆಟ್ಟಿಗೆ ತರಲಿಕ್ಕೆ ಹೋದಳು, ಯಂತ್ರ ನಿಲ್ಲಿಸುವುದನ್ನು ಮರೆತಳು, ಅದು ಕಾಗದದ ಚೂರು ಮುಗಿಸಿ ಗೋಡೆಯುದ್ದಕ್ಕೂ ಹೋಗಿ ಮುಚ್ಚಿದ ಬಾಗಿಲೊಂದಕ್ಕೆ ಮೆಲ್ಲಗೆ ತಾಗಿತು, ಹಿಂದೆ ಸರಿಯಿತು, ಮತ್ತೆ ತಾಗಿತು, ತಿರುಗಿ ಹೊರಟುಹೋಯಿತು — ಅಜ್ಜಿ ಇನ್ನೊಂದು ಹೇಳಿದ್ದರು, ಅದನ್ನು ನೆನೆಯಬಾರದು ಅಂದುಕೊಂಡಿದ್ದೆ, ತಟ್ಟೋಕೆ ಮುಂಚೆಯೇ ಚಪ್ಪಲಿ ಬಿಟ್ಟಿದ್ದಳಪ್ಪ, ಪಕ್ಕಕ್ಕೆ ಜೋಡಿಸಿಟ್ಟು ಬರಿಗಾಲಲ್ಲಿ ನಿಂತಿದ್ದಳು. ಒಂದು ಮಾತು ಹೇಳಿ ಹೋಗಲು ಬಂದವರು ಚಪ್ಪಲಿ ಬಿಡುವುದಿಲ್ಲ. ಒಳಗೆ ಬರುವವಳಿದ್ದಳು. ಬಂದು ಕೂರುವವಳಿದ್ದಳು. ಬಿಟ್ಟ ಚಪ್ಪಲಿಯನ್ನು ಮತ್ತೆ ಹಾಕಿಕೊಂಡಿರಬೇಕಲ್ಲ, ಅದಕ್ಕೆ ಹಿಮ್ಮಡಿಯ ಹಿಂದೆ ಪಟ್ಟಿ ಇದೆ, ಬಿಗಿಯುವಾಗ ಅವಳಿಗೆ ಒಂದು ಕಾಲಲ್ಲಿ ನಿಲ್ಲಲು ಬರುವುದಿಲ್ಲ, ಯಾವಾಗಲೂ ನನ್ನ ಭುಜ ಹಿಡಿಯುತ್ತಿದ್ದಳು, ಅವತ್ತು ಏನು ಹಿಡಿದಳು, ಅಲ್ಲಿ ಬಾಗಿಲು ಬಿಟ್ಟರೆ ಹಿಡಿಯಲಿಕ್ಕೆ ಬೇರೇನೂ ಇಲ್ಲ, ಒಂದು ಕೈ ಬಾಗಿಲಿಗೆ ಊರಿ, ಬಗ್ಗಿ, ಎಡಗಾಲಿನ ಪಟ್ಟಿ, ಆಮೇಲೆ ಕೈ ಬದಲಿಸಿ ಬಲಗಾಲಿನದು, ಸರ್ ಪೆಟ್ಟಿಗೆ ನೋಡ್ಕೊಳ್ಳಿ ಸರ್, ಅಪ್ಪ, ಅಪ್ಪ, ಎಡಗಾಲಿನ ಪಟ್ಟಿ, ಬಾಗಿಲಿನ ಮೇಲೆ ಅವಳ ಕೈ, ಒಳಗೆ ನಾಲ್ಕೇ ಹೆಜ್ಜೆಯಲ್ಲಿ ನಾನು, ಬಾಗಿಲಿನ ಮೇಲೆ ಅವಳ ಕೈ